ಕಬ್ಬಿಣದ ಶಿಲುಬೆ: ಇದನ್ನು ಮಾಡಿದವರು ಯಾರು?



ಮೊದಲ ಮಹಾಯುದ್ಧದಲ್ಲಿ ಹೋರಾಡಿದ ನಮ್ಮ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ಬೆಳ್ಳಿಯ ಯುದ್ಧಪದಕವನ್ನು ನಿಮ್ಮಲ್ಲಿ ಕೆಲವರು ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಅದರ ಅಂಚಿನ ಮೇಲೆ ಸೈನಿಕನ ಸಂಖ್ಯೆ, ಹೆಸರು, ದಳ ಎಲ್ಲವನ್ನೂ ಒತ್ತಿರುತ್ತಾರೆ. ಆದರೆ ಅದೇ ಯುದ್ಧದಲ್ಲಿ ಎದುರು ಪಾಳೆಯದ ಜರ್ಮನ್ ಸೈನಿಕನಿಗೆ ದೊರೆತ 'ಕಬ್ಬಿಣದ ಶಿಲುಬೆ'ಯ ಮೇಲೆ ಸರ್ಕಾರ ಯಾರ ಹೆಸರನ್ನೂ ಹಾಕಿಸಲಿಲ್ಲ. 1813ರಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಸ್ಥಾಪಿಸಿದ ಈ ಪದಕಕ್ಕೆ 1870, 1914 ಮತ್ತು 1939ರಲ್ಲಿ ಮರುಜೀವ ಬಂತು. ಮೊದಲ ಮಹಾಯುದ್ಧವೊಂದರಲ್ಲೇ ಎರಡನೆಯ ದರ್ಜೆಯ ಶಿಲುಬೆಗಳು ಸುಮಾರು 50 ಲಕ್ಷ ಹಂಚಿಕೆಯಾದವೆಂದು ಅಂದಾಜು.

ಹೆಸರಿಲ್ಲದ ಇಂಥ ವಸ್ತು ಇತಿಹಾಸಕಾರನ ಕೈಗೆ ಬಂದರೆ ಅವನು ಏನೆಂದು ಗುರುತಿಸಬೇಕು? ಇದು ಯುದ್ಧಕಾಲದ್ದೇ, ಅಥವಾ ಮೊನ್ನೆ ಮೊನ್ನೆ ಯಾರೋ ಎರಕ ಹೊಯ್ದು ಮಾರಿದ್ದೇ? ಇದಕ್ಕೆ ಉತ್ತರ ಬೇಕಾದರೆ ಅದು ಹುಟ್ಟಿದ ಕಾರ್ಖಾನೆಯನ್ನು ಹುಡುಕಬೇಕು. ಕಿರುತೆರೆಯ ಮೇಲೆ ಪದಕ ಕೆಲವೇ ಕ್ಷಣ ಕಾಣಿಸಿ ಮರೆಯಾಗುತ್ತದೆ. ಇಲ್ಲಿ ಅದನ್ನು ಬಿಡಿಸಿ ನೋಡೋಣ.

ನೋಡುವುದಕ್ಕೆ ಒಂದೇ ತುಂಡಿನಂತಿದ್ದರೂ ಶಿಲುಬೆ ಮೂರು ತುಂಡುಗಳ ಜೋಡಣೆ. ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಿರುಳು. ಅದನ್ನು ಹಿಂದೆ ಮುಂದೆ ಹಿಡಿದಿರುವ ಬೆಳ್ಳಿಯ ಅಥವಾ ಬೆಳ್ಳಿ ಬಣ್ಣದ ಎರಡು ಚೌಕಟ್ಟುಗಳು. ಈ ಚೌಕಟ್ಟುಗಳನ್ನು ಅಂಚಿನಲ್ಲಿ ಬೆಸುಗೆ ಹಾಕಿ, ಅರದಿಂದ ಉಜ್ಜಿ ನಯ ಮಾಡುತ್ತಾರೆ. ತಿರುಳಿಗೂ ಚೌಕಟ್ಟಿಗೂ ಬೇರೆ ಬೇರೆ ಉಕ್ಕಿನ ಅಚ್ಚುಗಳು.

ತಯಾರಕರ ಮುದ್ರೆ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇರುತ್ತದೆ, ಆದರೆ ಎಲ್ಲದರ ಮೇಲೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದೇ ಸಂಸ್ಥೆಗೆ ಎರಡು ಗುರುತುಗಳಿದ್ದವು. ಸರ್ಕಾರಕ್ಕೆ ಪೂರೈಸಿದ ಪದಕಕ್ಕೆ ಬರಿಯ ಅಂಕಿ, ಅಂಗಡಿಯಲ್ಲಿ ಮಾರುವುದಕ್ಕೆ 'ಎಲ್' ಅಕ್ಷರದೊಡನೆ ಇನ್ನೊಂದು ಅಂಕಿ. ಬರ್ಲಿನ್ನಿನ ಯುಂಕರ್ ಸಂಸ್ಥೆಗೆ 2 ಮತ್ತು ಎಲ್/12. ಲೂಡೆನ್‌ಶೈಡ್ ಪಟ್ಟಣದ ಡೋಯ್‌ಮರ್ ಸಂಸ್ಥೆಗೆ 3 ಮತ್ತು ಎಲ್/11. ಅದೇ ಊರಿನ ಸ್ಟೈನ್‌ಹಾವರ್ ಮತ್ತು ಲ್ಯೂಕ್ ಸಂಸ್ಥೆಗೆ 4 ಮತ್ತು ಎಲ್/16. ತೊಡಕು ಇರುವುದು ಮುದ್ರೆ ಒತ್ತಿರುವ ಜಾಗದಲ್ಲಿ. ಎರಡನೆಯ ದರ್ಜೆಯ ಶಿಲುಬೆಯಲ್ಲಿ ಅದು ಪಟ್ಟಿ ಪೋಣಿಸುವ ಬಳೆಯ ಮೇಲಿರುತ್ತದೆ. ಮೊದಲ ದರ್ಜೆಯದರಲ್ಲಿ ಹೆಚ್ಚಾಗಿ ಹಿಂಬದಿಯ ಪಿನ್ನಿನ ಮೇಲೆ. ಬಳೆಯನ್ನು ಇಕ್ಕಳದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಪಿನ್ನನ್ನು ಮತ್ತೆ ಬೆಸೆಯಬಹುದು. ಸುಲಭವಾಗಿ ಬದಲಾಯಿಸಬಹುದಾದ ಭಾಗದ ಮೇಲೆಯೇ ಹೆಸರು ಬರೆದಂತಾಯಿತು!

ಆದ್ದರಿಂದ ಬಲ್ಲವರು ಮುದ್ರೆಯನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ಅಚ್ಚಿನ ಗುರುತುಗಳನ್ನು. ಪ್ರತಿ ಕಾರ್ಖಾನೆಯೂ ತನ್ನ ಅಚ್ಚನ್ನು ತಾನೇ ಕೊರೆಸಿದಾಗ '1939' ಎಂಬ ಅಂಕಿಗಳು ಒಂದೇ ರೀತಿ ಬರುವುದಿಲ್ಲ. ಒಬ್ಬರ 3ರ ಬಾಯಿ ಅಗಲ, ಇನ್ನೊಬ್ಬರ 9ರ ಬಾಲ ಮೊಂಡು. ಚೌಕಟ್ಟಿನ ಒಳಗಡೆ ಸಣ್ಣ ಮಣಿಗಳ ಸಾಲೊಂದಿದೆ. ಆ ಸಾಲು ಮೂಲೆಯಲ್ಲಿ ತಿರುಗುವ ಬಗೆ ಕೂಡ ಅಚ್ಚಿನಿಂದ ಅಚ್ಚಿಗೆ ಬೇರೆ. ಹಿಂಬದಿಯ ಪಿನ್ನಿನ ಅಗಲ, ಅದರ ಕೀಲು, ಕೊಕ್ಕೆಯ ಬಾಗು ಇವೂ ಸಾಕ್ಷಿ ಹೇಳುತ್ತವೆ. ಆದರೆ ಬಿಡಿಭಾಗಗಳನ್ನು ಸಂಸ್ಥೆಗಳು ಒಂದರಿಂದ ಇನ್ನೊಂದು ಕೊಂಡದ್ದೂ ಉಂಟು. ಹಾಗಾಗಿ ತಿರುಳು, ಚೌಕಟ್ಟು, ಪಿನ್ನು ಮೂರನ್ನೂ ಕೂಡಿಸಿಯೇ ನೋಡಬೇಕು.

ಅಯಸ್ಕಾಂತ ಹಿಡಿದು ನೋಡುವುದು ಜನಪ್ರಿಯ ಪರೀಕ್ಷೆ. ಆದರೆ ಅದನ್ನೇ ನಂಬಿ ಕೂರಬಾರದು. ಕಬ್ಬಿಣವಲ್ಲದ ತಿರುಳಿನ ಅಸಲಿ ಶಿಲುಬೆಗಳೂ ಇವೆ, ಕಬ್ಬಿಣದ ನಕಲಿಗಳೂ ಇವೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಹೆಚ್ಚು ಉಪಯುಕ್ತ. ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದರೆ, ಲೋಹ ಆರುವಾಗ ಕುಗ್ಗುತ್ತದೆ. ಎರಡನೆಯ ದರ್ಜೆಯ ಶಿಲುಬೆಯ ಅಗಲ ಸುಮಾರು 44 ಮಿಲಿಮೀಟರ್. ಎರಕದ ನಕಲು ಅದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಮಣಿಗಳ ಅಂಚೂ ಮೇಣದಂತೆ ಮೆತ್ತಗೆ ಕಾಣುತ್ತದೆ.

ಇನ್ನು ಕಠಿಣ ಪ್ರಶ್ನೆ. ಅಚ್ಚು ಅಸಲಿಯೇ ಆಗಿದ್ದು, ಹೊಡೆದ ಕಾಲ ಬೇರೆಯಾದರೆ? 1957ರ ಜುಲೈ ತಿಂಗಳಲ್ಲಿ ಪಶ್ಚಿಮ ಜರ್ಮನಿ ಒಂದು ಕಾನೂನು ಮಾಡಿತು. ಹಳೆಯ ಪದಕಗಳನ್ನು ಧರಿಸಬಹುದು, ಆದರೆ ನಾಜಿಗಳ ಸ್ವಸ್ತಿಕ ಇರಕೂಡದು. ಕಬ್ಬಿಣದ ಶಿಲುಬೆಯಲ್ಲಿ ಆ ಜಾಗಕ್ಕೆ ಓಕ್ ಎಲೆಗಳು ಬಂದವು. ಈ ಹೊಸ ಶಿಲುಬೆಗಳನ್ನು ತಯಾರಿಸಿದವರಲ್ಲಿ ಸ್ಟೈನ್‌ಹಾವರ್ ಮತ್ತು ಲ್ಯೂಕ್ ಸಂಸ್ಥೆಯೂ ಒಂದು. ಆದ್ದರಿಂದ ಈ ಸಂಸ್ಥೆಯ 'ನೈಟ್ಸ್ ಕ್ರಾಸ್' ಎಂಬ ಮೇಲ್ದರ್ಜೆಯ ಶಿಲುಬೆಯ ಬಗ್ಗೆ ಸಂಗ್ರಾಹಕರಲ್ಲಿ ದೀರ್ಘ ವಾದವೇ ನಡೆಯಿತು. ಸ್ವಸ್ತಿಕವಿರುವ ಒಂದು ಶಿಲುಬೆ 1945ಕ್ಕೆ ಮುಂಚಿನದೋ, ಆಮೇಲೆ ಗುಟ್ಟಾಗಿ ಹೊಡೆದದ್ದೋ?

ಇಲ್ಲಿ ನೆರವಿಗೆ ಬರುವುದು ಅಚ್ಚಿನ ಗಾಯ. ಸಾವಿರಾರು ಸಲ ಒತ್ತಡ ಬಿದ್ದ ಉಕ್ಕು ಅಲ್ಲಲ್ಲಿ ಬಿರಿಯುತ್ತದೆ. ಆ ಬಿರುಕು ಪದಕದ ಮೇಲೆ ಸಣ್ಣ ಉಬ್ಬಾಗಿ ಮೂಡುತ್ತದೆ. ಬಿರುಕು ಬೆಳೆಯುತ್ತದೆ, ಮಾಯುವುದಿಲ್ಲ. ಆದ್ದರಿಂದ ಕಡಿಮೆ ಗಾಯವಿರುವ ಪದಕ ಮೊದಲಿನದು, ಹೆಚ್ಚಿರುವುದು ಆಮೇಲಿನದು. 1945ರಲ್ಲಿ ಸೈನಿಕನಿಂದ ನೇರವಾಗಿ ಪಡೆದದ್ದೆಂದು ದಾಖಲೆಯಿರುವ ಒಂದು ಪದಕ ಸಿಕ್ಕರೆ, ಆ ಸಾಲಿನಲ್ಲಿ ಗಡಿಕಲ್ಲು ನೆಟ್ಟಂತೆ. ಉಳಿದವನ್ನು ಅದರ ಆಚೆ ಈಚೆ ಇಟ್ಟು ನೋಡಬಹುದು.

ಇಂಥ ನೋಟವನ್ನು ನೀವು ಮನೆಯಲ್ಲೇ ಅಭ್ಯಾಸ ಮಾಡಬಹುದು. ಹತ್ತು ರೂಪಾಯಿ ನಾಣ್ಯಗಳನ್ನು ಕೂಡಿಹಾಕಿ, ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯಿರಿ. ವಜ್ರಾಕೃತಿ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಆಮೇಲೆ ಆ ಗುರುತನ್ನು ಬೆರಳಿನಿಂದ ಮುಚ್ಚಿ, ಉಳಿದ ಅಂಕಿ ಅಂಚುಗಳನ್ನಷ್ಟೇ ನೋಡಿ ಟಂಕಸಾಲೆ ಯಾವುದೆಂದು ಹೇಳಲಾದೀತೇ, ಪ್ರಯತ್ನಿಸಿ.