ತುಂಗಭದ್ರೆಯ ಹರಿಗೋಲು: ನೇಯ್ಗೆ, ಹೊದಿಕೆ ಮತ್ತು ಕಡವು

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದ ಮೇಲೆ ತುಂಗಭದ್ರೆಯು ಉತ್ತರಾಭಿಮುಖವಾಗಿ ಹರಿದು, ಹೊನ್ನಾಳಿ ಹರಿಹರಗಳನ್ನು ಹಾದು, ಮಲೆನಾಡಿನ ಸೆರಗನ್ನು ಬಿಟ್ಟು ಬಯಲುಸೀಮೆಯನ್ನು ಸೇರುತ್ತದೆ. ಮೊದಲು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಯ ರಚನೆಯೊಂದಿಗೆ ಅಲ್ಲಿಗೆ ಬಂದು, ಇದೀಗ ನ್ಯಾಮತಿ ತಾಲ್ಲೂಕಿನಲ್ಲಿರುವ ಗೋವಿನಕೋವಿಯು ಈ ನದೀಸೀಮೆಯ ಹೋಬಳಿಗಳಲ್ಲೊಂದು. ಕರಾವಳಿಯ ಜಲಸಾರಿಗೆಯನ್ನು ಬಲ್ಲವರು ಈ ಸೀಮೆಗೆ ಬಂದರೆ ಅವರಿಗೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ಮರಕ್ಕೆ ಕೊರತೆಯಿಲ್ಲದ ಮಲೆನಾಡಿನ ಮಗ್ಗುಲಲ್ಲೇ ಇದ್ದರೂ ಇಲ್ಲಿಯ ಜನ ಹೊಳೆ ದಾಟಲು ಮರದ ಹಲಗೆಯ ದೋಣಿಯನ್ನು ಏಕೆ ನೆಚ್ಚಲಿಲ್ಲ ಎಂಬುದು. ಇಲ್ಲಿ ಹೊಳೆ ದಾಟಿಸಿದ್ದು ಬಿದಿರಿನಿಂದ ನೇಯ್ದು ಚರ್ಮ ಹೊದಿಸಿದ ದುಂಡನೆಯ ಹರಿಗೋಲು. ಆಡುಮಾತಿನಲ್ಲಿ ಇದನ್ನೇ ತೆಪ್ಪ ಎನ್ನುವುದುಂಟು. ನದಿಯ ಕೆಳಪಾತ್ರದಲ್ಲಿ ಪುಟ್ಟಿ ಎಂಬ ಹೆಸರೂ ಬಳಕೆಯಲ್ಲಿದೆ.

ಹಲಗೆಯ ದೋಣಿ ಕಟ್ಟಲು ಬಾರದವರು ಬುಟ್ಟಿಯನ್ನೇ ದೋಣಿ ಮಾಡಿಕೊಂಡರು ಎಂಬ ಊಹೆ ಬರಹಗಳಲ್ಲಿ ಅಲ್ಲಲ್ಲಿ ಇಣುಕುತ್ತದೆ. ಹರಿಗೋಲನ್ನು ಕಟ್ಟುವ ಕ್ರಮವನ್ನು ಹಂತಹಂತವಾಗಿ ಪರಿಶೀಲಿಸಿದರೆ ಈ ಊಹೆ ನಿಲ್ಲುವುದಿಲ್ಲ.

ನದಿ ಮತ್ತು ಆಕಾರ

ತುಂಗಭದ್ರೆಯ ಪಾತ್ರವು ಬಂಡೆಗಳಿಂದ ಕೂಡಿದುದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎರಡೂ ದಡ ತುಂಬಿ ಹರಿಯುವ ಹೊಳೆ ಬೇಸಿಗೆಯಲ್ಲಿ ಮರಳು ದಿಬ್ಬಗಳ ನಡುವೆ ಸಣ್ಣ ಕವಲುಗಳಾಗಿ ಒಡೆಯುತ್ತದೆ. ಕೀಲು ಇರುವ, ಉದ್ದನೆಯ, ಭಾರವಾದ ದೋಣಿಗೆ ಈ ಎರಡು ಸ್ಥಿತಿಗಳೂ ಅನುಕೂಲವಲ್ಲ. ಬಂಡೆಗೆ ತಾಗಿದರೆ ಹಲಗೆ ಸೀಳುತ್ತದೆ. ನೀರು ಇಳಿದರೆ ದೋಣಿ ಮರಳಿನಲ್ಲಿ ಕೂರುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಮರದ ಬೊಡ್ಡೆ ಕೊರೆದು ಮಾಡಿದ ಪಾತಿ ದೋಣಿಯೂ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ದೊಡ್ಡ ದೋಣಿಗಳೂ ಬಳಕೆಗೆ ಬಂದುದು ಅಳಿವೆಯಲ್ಲಿ ವರ್ಷವಿಡೀ ನೀರು ಇರುವುದರಿಂದ. ಮೊಳೆ ಬಿಟ್ಟು ಹುರಿಯಿಂದ ಹೊಲಿದುದಕ್ಕೆ ಕಾರಣವೂ ಇಲ್ಲಿ ಸ್ಮರಣೀಯ. ಅಲೆ ಬಡಿದಾಗ, ಮರಳಿಗೆ ಎಳೆದಾಗ ಹೊಲಿದ ದೋಣಿ ತುಸು ಬಾಗಿ ಉಳಿದುಕೊಳ್ಳುತ್ತದೆ. ಬಾಗಿ ಉಳಿಯುವ ಈ ಗುಣವನ್ನೇ ಹರಿಗೋಲು ಅದರ ಕೊನೆಯವರೆಗೆ ಒಯ್ದಿದೆ ಎನ್ನಬಹುದು.

ತಳದ ವಿಸ್ತಾರದ ಲೆಕ್ಕ ಸರಳವಾದುದು. ಮೀನು ಹಿಡಿಯುವವರ ಸಣ್ಣ ಹರಿಗೋಲಿನ ವ್ಯಾಸ ಸುಮಾರು 1.9 ಮೀಟರ್; ಜನರನ್ನು ದಾಟಿಸುವ ದೊಡ್ಡದರದು ಸುಮಾರು 2.5 ಮೀಟರ್. 2.5 ಮೀಟರ್ ವ್ಯಾಸದ ಚಪ್ಪಟೆ ತಳವು ಹತ್ತಿರಹತ್ತಿರ 4.9 ಚದರ ಮೀಟರ್ ಆಗುತ್ತದೆ. ಅಂದರೆ ಅದು ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿದರೆ 490 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿ ಅಷ್ಟೇ ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಹತ್ತು ಹನ್ನೆರಡು ಜನ ಕುಳಿತರೂ ಒಂದು ಗೇಣು ನೀರು ಸಾಕು. ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಭಾರ ಹೊರುವ, ದಡ ಸೇರಿದ ಮೇಲೆ ಮಗುಚಿ ತಲೆಯ ಮೇಲೆ ಹೊತ್ತೊಯ್ಯಬಹುದಾದ ಇನ್ನೊಂದು ನೌಕೆಯನ್ನು ಈ ಸೀಮೆಯ ಸಾಮಗ್ರಿಗಳಿಂದ ಕಟ್ಟುವುದು ಕಷ್ಟ. ತಲೆಯ ಮೇಲಿನ ಹೊರೆಯ ಮಾತು ಸಣ್ಣ ಹರಿಗೋಲಿಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡದಕ್ಕೆ ಹಲವರು ಬೇಕು.

ನೇಯ್ಗೆ

ಕೆಲಸ ಆರಂಭವಾಗುವುದು ಬಿದಿರಿನ ಆಯ್ಕೆಯಿಂದ. ಎಳೆಯ ಬಿದಿರು ಒಣಗುವಾಗ ಸುಕ್ಕುಗಟ್ಟುತ್ತದೆ, ಬೇಗ ಹುಳು ಬೀಳುತ್ತದೆ. ತೀರ ಬಲಿತದ್ದು ಬಾಗಿಸುವಾಗ ಮುರಿಯುತ್ತದೆ. ಮೂರು ವರ್ಷ ತುಂಬಿದ, ಹಸಿರು ತುಸು ಮಂಕಾದ ಗಳುಗಳು ಯೋಗ್ಯವಾದುವು. ಮಳೆಗಾಲ ಕಳೆದ ಮೇಲೆ ಕಡಿಯುವುದು ವಾಡಿಕೆ. ಕಡಿದುದನ್ನು ಕೆಲಕಾಲ ನೀರಿನಲ್ಲಿ ನೆನೆಹಾಕಿದರೆ ಒಳಗಿನ ಪಿಷ್ಟ ಕರಗಿ ಹುಳುವಿನ ಬಾಧೆ ಕಡಿಮೆಯಾಗುತ್ತದೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂಬ ನಂಬಿಕೆ ಬಿದಿರು ಕೆಲಸದವರಲ್ಲಿ ವ್ಯಾಪಕವಾಗಿದೆ.

ಗಳುವನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುವುದು ಮೇದಾರರ ಕೈಚಳಕ ಕಾಣುವ ಹಂತ. ಒಳಗಿನ ಮೆದು ತಿರುಳನ್ನು ತೆಗೆದು, ಗಟ್ಟಿಯಾದ ಹೊರಮೈಯನ್ನು ಉಳಿಸಿಕೊಂಡು, ಗಿಣ್ಣುಗಳನ್ನು ಹೆರೆದು ಸಮ ಮಾಡಬೇಕು. ದಬ್ಬೆಯ ದಪ್ಪ ಆದಿಯಿಂದ ಅಂತ್ಯದವರೆಗೆ ಒಂದೇ ಸಮ ಇರಬೇಕಾದುದು ಅಂದಕ್ಕಾಗಿ ಅಲ್ಲ. ಮುಂದೆ ಅದನ್ನು ಬಾಗಿಸುವಾಗ ತೆಳ್ಳಗಿರುವ ಜಾಗಕ್ಕೆ ಎಲ್ಲ ಬಾಗುವಿಕೆಯೂ ಬಂದು ಸೇರುತ್ತದೆ, ದಬ್ಬೆ ಅಲ್ಲೇ ಮುರಿಯುತ್ತದೆ. ಸೀಳುವಾಗ ಕತ್ತಿ ಒಂದು ಬದಿಗೆ ಜಾರತೊಡಗಿದರೆ ದಪ್ಪವಿರುವ ಬದಿಯನ್ನು ಹೆಚ್ಚು ಬಾಗಿಸಿ ಸೀಳನ್ನು ಮತ್ತೆ ನಡುವಿಗೆ ತರಬೇಕು. ಇದನ್ನು ಹೇಳಿ ಕಲಿಸಲಾಗದು. ಕೈಗೆ ಕೈ ತಾಗಿಸಿಯೇ ಕಲಿಸಬೇಕು.

ನೆಲವನ್ನು ಸಮ ಮಾಡಿ ತಳದ ದಬ್ಬೆಗಳನ್ನು ಹಾಸುತ್ತಾರೆ. ಹಲವು ಹರಿಗೋಲುಗಳ ತಳದಲ್ಲಿ ದಬ್ಬೆಗಳು ಕಟ್ಟುಕಟ್ಟಾಗಿ ಮೂರು ದಿಕ್ಕುಗಳಿಂದ ಹಾಯ್ದು, ನಡುವೆ ಆರು ಮೂಲೆಯ ಕಣ್ಣುಗಳನ್ನು ಬಿಟ್ಟಿರುವುದು ಕಂಡುಬರುತ್ತದೆ. ಎರಡೇ ದಿಕ್ಕಿನ ಚೌಕ ನೇಯ್ಗೆಯನ್ನು ಮೂಲೆ ಹಿಡಿದು ಎಳೆದರೆ ಅದು ಓರೆಯಾಗಿ ಜಾರುತ್ತದೆ. ಮೂರನೆಯ ದಿಕ್ಕಿನ ದಬ್ಬೆ ಸೇರಿದೊಡನೆ ಎಲ್ಲೆಡೆ ತ್ರಿಕೋನಗಳು ಏರ್ಪಟ್ಟು ಆ ಜಾರುವಿಕೆ ನಿಲ್ಲುತ್ತದೆ. ಸೇತುವೆಯ ಉಕ್ಕಿನ ತೊಲೆಗಳಿಗೆ ಓರೆಪಟ್ಟಿ ಕೊಡುವ ಇಂಜಿನಿಯರು ಅನುಸರಿಸುವುದೂ ಇದೇ ತತ್ತ್ವವನ್ನು. ಅಗಲವಾದ ತಳದ ಮೇಲೆ ಒಂದು ಬದಿಗೆ ಮೂಟೆ, ಇನ್ನೊಂದು ಬದಿಗೆ ಜನ ಕುಳಿತಾಗಲೂ ಹರಿಗೋಲು ದುಂಡಗೇ ಉಳಿಯುವುದು ಈ ಹೆಣಿಗೆಯ ಫಲ.

ತಳ ಸಿದ್ಧವಾದೊಡನೆ ಅದರ ಮೇಲೆ ಭಾರವಾದ ಕಲ್ಲುಗಳನ್ನು ಹೇರುತ್ತಾರೆ. ತಳದ ಆಚೆಗೆ ಚಾಚಿರುವ ದಬ್ಬೆಯ ತುದಿಗಳಿಗೆ ನೀರು ಚಿಮುಕಿಸಿ, ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಎತ್ತಿ, ಅಡ್ಡ ದಬ್ಬೆಗಳನ್ನು ಸುತ್ತಲೂ ನೇಯುತ್ತ ಗೋಡೆ ಏರಿಸುತ್ತಾರೆ. ಇಡೀ ಕೆಲಸದಲ್ಲಿ ಹೆಚ್ಚು ನಾಜೂಕಾದ ಜಾಗ ತಳವು ಗೋಡೆಯಾಗಿ ತಿರುಗುವ ಈ ಬಳಸು. ಇಲ್ಲಿ ಬಾಗು ಹರಿತವಾದರೆ ದಬ್ಬೆ ಸೀಳುತ್ತದೆ. ತೀರ ಇಳಿಜಾರಾದರೆ ತಳದ ಚಪ್ಪಟೆ ಭಾಗ ಕಿರಿದಾಗಿ ಹರಿಗೋಲು ತೂಗಾಡುತ್ತದೆ. ಬಾಯಿಯ ಸುತ್ತ ಹಲವು ದಬ್ಬೆಗಳನ್ನು ಒಟ್ಟುಮಾಡಿದ ದಪ್ಪ ಬಳೆಯನ್ನು ಬಿಗಿದು ಹೊಲಿಯುವುದರೊಂದಿಗೆ ನೇಯ್ಗೆ ಮುಗಿಯುತ್ತದೆ. ಈ ಬಳೆ ಸಡಿಲವಾದರೆ ಬಾಗಿಸಿದ ದಬ್ಬೆಗಳೆಲ್ಲ ಮತ್ತೆ ನೇರವಾಗಲು ಹವಣಿಸುತ್ತವೆ. ಹರಿಗೋಲನ್ನು ಹರಿಗೋಲಾಗಿ ಹಿಡಿದಿಟ್ಟಿರುವುದು ಅದೇ. ಬಿದಿರು ಸಿದ್ಧವಾಗಿದ್ದರೆ ಕೆಲವರು ಸೇರಿ ಒಂದು ದಿನದಲ್ಲೇ ಹರಿಗೋಲು ಕಟ್ಟಿ ಮುಗಿಸುವುದುಂಟು. ನೆನೆಹಾಕಿ, ಸೀಳಿ, ಹೆರೆದ ದಿನಗಳು ಈ ಒಂದು ದಿನದ ಲೆಕ್ಕದಲ್ಲಿ ಸೇರುವುದಿಲ್ಲವೆಂಬುದನ್ನು ಮರೆಯಬಾರದು.

ಹೊದಿಕೆ

ನೇಯ್ದ ಬುಟ್ಟಿಯು ಹರಿಗೋಲಿನ ಅರ್ಧ ಮಾತ್ರ. ನೀರನ್ನು ತಡೆಯುವುದು ಹೊರಗಿನ ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನು ದಾಖಲಿಸುತ್ತ, ಅವುಗಳ ಹೊರಮೈಗೆ ಚರ್ಮದ ಹೊದಿಕೆ ಇತ್ತೆಂದೂ, ಹದಿನೈದು ಇಪ್ಪತ್ತು ಜನರನ್ನು ಅವು ಹೊರುತ್ತಿದ್ದುವೆಂದೂ, ನೇರ ಸಾಗದೆ ಸುತ್ತುತ್ತ ಹೋಗುತ್ತಿದ್ದುವೆಂದೂ ತಿಳಿಸುತ್ತಾನೆ. ಯೂಫ್ರೆಟೀಸ್ ನದಿಯ ದುಂಡು ದೋಣಿಗಳನ್ನು ವರ್ಣಿಸಿದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು, ಅಲ್ಲಿಯ ವರ್ತಕರು ಬ್ಯಾಬಿಲೋನ್ ತಲುಪಿದ ಮೇಲೆ ಹಂದರವನ್ನು ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಹಿಂದಿರುಗುತ್ತಿದ್ದರೆಂದು ಹೇಳಿದ್ದಾನೆ. ಬೆಲೆಬಾಳುವ ಭಾಗ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಎತ್ತು, ಎಮ್ಮೆಗಳ ಚರ್ಮವನ್ನು ಹದಮಾಡುವುದು ಬೇರೆಯದೇ ವಿದ್ಯೆ. ಸುಣ್ಣದ ನೀರಿನಲ್ಲಿಟ್ಟು ಕೂದಲು ತೆಗೆದು, ತಂಗಡಿಯಂತಹ ಗಿಡಗಳ ತೊಗಟೆಯ ಕಷಾಯದಲ್ಲಿ ನೆನೆಸಿ ಹದಮಾಡುವ ಕ್ರಮ ದಕ್ಷಿಣ ಭಾರತದಲ್ಲಿ ಪ್ರಸಿದ್ಧವಾದುದು. ಹಲವು ಚರ್ಮಗಳನ್ನು ಜೋಡಿಸಿ ಹೊಲಿದು, ಬುಟ್ಟಿಯನ್ನು ಅದರೊಳಗೆ ಕೂರಿಸಿ, ಅಂಚನ್ನು ಬಾಯಿಯ ಬಳೆಗೆ ಬಿಗಿಯಬೇಕು. ಸದಾ ನೀರಿನಲ್ಲೇ ಬಿಟ್ಟ ಚರ್ಮ ಕೊಳೆಯುತ್ತದೆ. ಒಂದೇ ಸಮನೆ ಬಿಸಿಲಿಗೆ ಬಿಟ್ಟದ್ದು ಬಿರಿಯುತ್ತದೆ. ಹರಿಗೋಲನ್ನು ಆಗಾಗ ದಡಕ್ಕೆ ಎಳೆದು ಮಗುಚಿ ಒಣಗಿಸುವುದೂ, ಚರ್ಮಕ್ಕೆ ಎಣ್ಣೆ ಹಾಕುವುದೂ ಅನಿವಾರ್ಯವಾಗಿತ್ತು.

ಇಲ್ಲಿ ಗಮನಿಸಬೇಕಾದ ಸಾಮಾಜಿಕ ಸಂಗತಿಯೊಂದಿದೆ. ಬಿದಿರು ಮೇದಾರರದು, ಚರ್ಮ ಮಾದಿಗರದು, ಹುಟ್ಟು ಅಂಬಿಗರದು. ಊರೊಳಗೆ ಒಂದೇ ಕಟ್ಟೆಯ ಮೇಲೆ ಕೂರದ ಮೂರು ಸಮುದಾಯಗಳ ದುಡಿಮೆ ಒಂದು ವಸ್ತುವಿನಲ್ಲಿ ಸೇರಿದ ಮೇಲೆಯೇ ಹೊಳೆ ದಾಟಲು ಸಾಧ್ಯವಾಗುತ್ತಿತ್ತು. ಚರ್ಮವನ್ನು ಮುಟ್ಟಲೊಲ್ಲದವರೂ ತುಂಬುಹೊಳೆಯಲ್ಲಿ ಚರ್ಮದ ಆಶ್ರಯದಲ್ಲೇ ಆಚೆ ದಡ ಕಾಣಬೇಕಾಗಿತ್ತು. ಅಂಬಿಗರ ಚೌಡಯ್ಯನಂತಹ ವಚನಕಾರನ ಹೆಸರಿನಿಂದಾಗಿ ದಾಟಿಸುವವನು ಕನ್ನಡ ಸಾಹಿತ್ಯದಲ್ಲಿ ಸ್ಥಾನ ಪಡೆದಿದ್ದಾನೆ. ತುಂಗಭದ್ರೆಯ ದಡದ ಚೌಡಯ್ಯದಾನಪುರ ಆ ಹೆಸರನ್ನು ಇಂದಿಗೂ ಹೊತ್ತಿದೆ. ಹರಿಗೋಲನ್ನು ನೇಯ್ದವರಿಗೂ ಹೊದಿಸಿದವರಿಗೂ ಅಂತಹ ಸ್ಮರಣೆ ದೊರೆತಿಲ್ಲ. ಸಂಶೋಧಕರ ಬರಹಗಳೂ ಬಹುಮಟ್ಟಿಗೆ ಅಂಬಿಗನಲ್ಲಿಗೇ ನಿಂತಿವೆ.

ಸೈನ್ಯಗಳಿಗೆ ಮಾತ್ರ ಈ ದುಡಿಮೆಯ ಬೆಲೆ ತಿಳಿದಿತ್ತು. ಚನ್ನಗಿರಿ ಮೂಲದ ಧೋಂಡಿಯ ವಾಘನನ್ನು ಬೆನ್ನಟ್ಟಿ 1800ರ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ 1803ರ ಮರಾಠಾ ಯುದ್ಧದ ಸಿದ್ಧತೆಯಲ್ಲಿ ಬುಟ್ಟಿದೋಣಿಗಳನ್ನು ಕಟ್ಟಿಸುವ ಬಗ್ಗೆ ವಿಶೇಷ ಗಮನ ಕೊಟ್ಟನು. ಮಳೆಗಾಲದಲ್ಲಿ ಹೊಳೆ ದಾಟಬಲ್ಲ ಸೈನ್ಯಕ್ಕೆ ದಾಟಲಾರದ ಸೈನ್ಯಕ್ಕಿಂತ ಇರುವ ಮೇಲುಗೈಯನ್ನು ಅವನ ಪತ್ರಗಳು ಮತ್ತೆ ಮತ್ತೆ ಪ್ರಸ್ತಾಪಿಸುತ್ತವೆ.

ಹುಟ್ಟು

ದುಂಡು ನೌಕೆಗೆ ಮುಂಭಾಗವೆಂಬುದಿಲ್ಲ. ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ಅದು ಮುಂದೆ ಹೋಗುವ ಬದಲು ತಿರುಗುತ್ತದೆ. ಆದುದರಿಂದ ಅಂಬಿಗನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸೆಳವಿರುವಾಗ ನೇರ ಎದುರು ದಡಕ್ಕೆ ಹೋಗುವ ಪ್ರಯತ್ನವನ್ನೇ ಮಾಡುವುದಿಲ್ಲ. ದಡದಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಬಿಟ್ಟು, ಸೆಳವಿನೊಂದಿಗೆ ಓರೆಯಾಗಿ ಇಳಿದು ಆಚೆಯ ಕಡವನ್ನು ಸೇರುತ್ತಾರೆ. ಹಿಂದಿರುಗುವಾಗ ಮತ್ತೆ ಹರಿಗೋಲನ್ನು ಮೇಲಕ್ಕೆ ಎಳೆಯಬೇಕು. ಕಡವುಗಳಲ್ಲಿ ಒಂದು ದಡದ ಇಳಿದಾಣ ಇನ್ನೊಂದಕ್ಕೆ ನೇರವಾಗಿರದೆ ಕೆಳಗೆ ಸರಿದಿರುವುದು ಈ ಕಾರಣದಿಂದಲೇ. ಪ್ರಯಾಣಿಕರು ಕದಲದೆ ಕುಳಿತಿರಬೇಕೆಂಬುದು ಕಡವಿನ ಕಟ್ಟುನಿಟ್ಟು. ನಡುಹೊಳೆಯಲ್ಲಿ ನಾಲ್ಕು ಜನ ಒಂದೇ ಬದಿಗೆ ಎದ್ದುನಿಂತರೆ ಅಗಲವಾದ ತಳವೂ ಕಾಪಾಡಲಾರದು.

ಕೊಂಡಿಗಳು ಕಳಚಿದ ಬಗೆ

ಹರಿಗೋಲಿನ ಬಳಕೆ ಒಂದೇ ಏಟಿಗೆ ನಿಲ್ಲಲಿಲ್ಲ. 1868ರಲ್ಲಿ ಹರಿಹರದ ಸೇತುವೆ ಸಿದ್ಧವಾದುದರಿಂದ ಹೆದ್ದಾರಿಯ ದಾಟು ಕಡವಿನ ಕೈತಪ್ಪಿತು. ಸಣ್ಣ ಊರುಗಳ ನಡುವಿನ ಕಡವುಗಳು ಮುಂದೆಯೂ ಬಹುಕಾಲ ನಡೆದುವು. ಚರ್ಮದ ಬದಲಿಗೆ ಡಾಂಬರು ಬಳಿದ ಬಟ್ಟೆಯೂ, ಆನಂತರ ಪ್ಲಾಸ್ಟಿಕ್ ಚೀಲದ ಹಾಳೆಯೂ ಬಂದುವು. ಇವು ಅಗ್ಗ, ಕೊಳೆಯುವುದಿಲ್ಲ, ಎಣ್ಣೆ ಬೇಡುವುದಿಲ್ಲ. ಆದರೆ ಚೂಪುಬಂಡೆಗೆ ತಾಗಿದರೆ ಹರಿಯುತ್ತವೆ. ಚರ್ಮದ ಹೊಲಿಗೆ ಬಲ್ಲವರು ಹರಿಗೋಲಿನ ಕೆಲಸದಿಂದ ಹೊರಬಿದ್ದುದು ಈ ಹಂತದಲ್ಲಿ. ಚರ್ಮದ ಕೆಲಸವನ್ನು ಕಳಂಕವೆಂದು ಹೇರಿದ್ದ ಸಮಾಜದಲ್ಲಿ ಆ ಕೆಲಸದಿಂದ ಬಿಡುಗಡೆ ಪಡೆದವರು ಅದನ್ನು ನಷ್ಟವೆಂದು ಎಣಿಸಬೇಕಾಗಿಲ್ಲ. ಆದರೆ ವಿದ್ಯೆ ದಾಖಲಾಗದೆ ಹೋದುದು ಬೇರೆಯ ಮಾತು.

ಬಿದಿರಿನ ಕೊಂಡಿ ಕಳಚಿದುದು ಬೇರೆ ಕಾರಣದಿಂದ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಂತಹ ಉದ್ಯಮಗಳಿಗೆ ಮಲೆನಾಡಿನ ಬಿದಿರೇ ಕಚ್ಚಾವಸ್ತುವಾಗಿತ್ತು. 1970ರ ದಶಕದಲ್ಲಿ ಕರ್ನಾಟಕದ ಬುಟ್ಟಿ ಹೆಣೆಯುವವರು ಬಿದಿರು ದುರ್ಲಭವಾದ ಬಗ್ಗೆ ದೂರಿಕೊಂಡ ಹಿನ್ನೆಲೆಯಲ್ಲಿಯೇ ಮಾಧವ ಗಾಡ್ಗೀಳರು ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನವನ್ನು ಕೈಗೊಂಡರು. ಕಾರ್ಖಾನೆಗಳಿಗೆ ನಾಮಮಾತ್ರದ ದರದಲ್ಲಿ ದೊರೆಯುತ್ತಿದ್ದ ಬಿದಿರಿಗೆ ಮೇದಾರರು ಪೇಟೆಯ ಬೆಲೆ ತೆರಬೇಕಾಗಿತ್ತು. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಬಿದಿರು 'ಮರ'ದ ವ್ಯಾಖ್ಯೆಯೊಳಗೆ ಸೇರಿದ್ದು ಅದನ್ನು ಕಡಿದು ಸಾಗಿಸುವುದಕ್ಕೆ ತೊಡಕಾಗಿತ್ತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಆ ವ್ಯಾಖ್ಯೆಯಿಂದ ಬಿಡಿಸಿದ್ದು 2017ರ ತಿದ್ದುಪಡಿ. ಅಷ್ಟು ಹೊತ್ತಿಗೆ ಫೈಬರ್ ಗ್ಲಾಸಿನ ಹರಿಗೋಲು ಬಳಕೆಗೆ ಬಂದಾಗಿತ್ತು.

ಫೈಬರಿನ ಈ ನೌಕೆ ಆಕಾರದಲ್ಲಿ ಹರಿಗೋಲೇ, ಹೆಸರೂ ಅದೇ. ತಳದಲ್ಲಿ ದಬ್ಬೆಯಿಲ್ಲ, ಬಾಯಿಗೆ ಬಿಗಿದ ಬಳೆಯಿಲ್ಲ. ಮೀನುಗಾರನಿಗೆ ಅದು ಹೆಚ್ಚು ಬಾಳಿಕೆಯದೆಂಬುದರಲ್ಲಿ ಅನುಮಾನವಿಲ್ಲ, ಆತನ ಆಯ್ಕೆಯನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಸಂಗ್ರಹಾಲಯಗಳಿಗೆ ಪೂರ್ಣವಾದ ಹರಿಗೋಲನ್ನು ತಂದಿರಿಸುವುದು ಕಷ್ಟವಲ್ಲ. ಆದರೆ ಪೂರ್ಣವಾದ ಹರಿಗೋಲು ತನ್ನನ್ನು ಕಟ್ಟಿದ ಕ್ರಮವನ್ನು ಮರೆಮಾಡುತ್ತದೆ. ಹೊದಿಕೆಯ ಕೆಳಗಿನ ಹೆಣಿಗೆ ಕಾಣುವುದಿಲ್ಲ. ದಬ್ಬೆ ಸೀಳಿದ ಬಗೆ, ಕಲ್ಲು ಹೇರಿದ ಜಾಗ, ಬಾಗಿಸುವಾಗ ಚಿಮುಕಿಸಿದ ನೀರು ಯಾವುವೂ ಕಾಣುವುದಿಲ್ಲ. ಬುಟ್ಟಿ, ಮೊರ, ಏಣಿಗಳನ್ನು ಮಾಡುವ ಮೇದಾರ ಕುಟುಂಬಗಳು ತುಂಗಭದ್ರೆಯ ಎರಡೂ ದಡದ ತಾಲ್ಲೂಕುಗಳಲ್ಲಿ ಇನ್ನೂ ಇವೆ. ದಬ್ಬೆ ಸೀಳುವ ಕೈಗಳು ಅಲ್ಲಿವೆ. ಅರ್ಧ ನೇಯ್ದ, ಕಲ್ಲು ಹೇರಿದ, ತುದಿಗಳು ಇನ್ನೂ ಮೇಲೇಳದ ಹರಿಗೋಲೊಂದನ್ನು ಅವರಿಂದ ಕಟ್ಟಿಸಿ, ಹಂತಹಂತವಾಗಿ ಅಳತೆ ಹಿಡಿದು, ಅವರು ಬಳಸುವ ಪದಗಳೊಡನೆ ದಾಖಲಿಸುವ ಕೆಲಸಕ್ಕೆ ಬೇಕಾಗಿರುವುದು ಹತ್ತಿಪ್ಪತ್ತು ಬಿದಿರು ಗಳು ಮತ್ತು ಕೆಲವು ದಿನಗಳ ಕೂಲಿ.