ದವಾ, ದುಕಾನ, ರಫೀಕಿ

ಶನಿವಾರ ಸಂಜೆ ವಾಡಿಯ ನಮ್ಮ ಸಭೆಯ ಹಾಲ್‌ನಲ್ಲಿ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿಯೊಂದು ಜಂಕ್ಷನ್ ದಾಟುತ್ತದೆ. ಸಭಾಪಾಲಕರು ಕಣ್ಣು ಮುಚ್ಚಿಕೊಂಡೇ ಸುಮ್ಮನಾಗುತ್ತಾರೆ. ಕೊನೆಯ ವ್ಯಾಗನ್ನಿನ ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಸಿಮೆಂಟಿನ ಬೂದು ಪುಡಿ. ಕೆಳಗೆ, ಕಾಲಿಗೆ ತಣ್ಣಗೆ ತಾಕುವ ಶಹಾಬಾದ್ ಫರಸಿ. ಅದರ ಮೇಲೆ ಚಾಪೆ ಹಾಸಿ ಐದು ಜನ ಕೂತಿದ್ದಾರೆ.

ಇನ್ನು ಆರು ವಾರಕ್ಕೆ ಇವರು ಕೀನ್ಯಾಕ್ಕೆ ಹೊರಡುತ್ತಾರೆ. ಆ ದೇಶದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ಕಡೆ, ಅಲ್ಲಿಯ ಸಭೆಯೊಂದು ನಡೆಸುವ ಸಣ್ಣ ಆಸ್ಪತ್ರೆಯಲ್ಲಿ ಮೂರು ತಿಂಗಳ ಸೇವೆ. ಶಹಾಬಾದಿನವಳು ನನ್ನ ಅಕ್ಕನ ಮಗಳು, ನರ್ಸು. ವಾಡಿಯ ಹುಡುಗ ಎಲೆಕ್ಟ್ರಿಷಿಯನ್. ಸೇಡಂನಿಂದ ಬಂದವರು ಗೌಂಡಿ, ಮೂವತ್ತು ವರ್ಷ ಫರಸಿ ಹಾಸಿ ಹಾಸಿ ಮೊಣಕಾಲು ಕಪ್ಪಾದವರು. ಚಿತ್ತಾಪುರದ ನಿವೃತ್ತ ಟೀಚರಮ್ಮ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಐದನೆಯವನು ಚಿಂಚೋಳಿ ಕಡೆಯ ತಾಂಡಾದ ಹುಡುಗ, ಲ್ಯಾಬ್ ಟೆಕ್ನಿಷಿಯನ್. ಉಳಿದವರಿಗೆ ರೈಲಿದೆ, ಇವನ ಊರಿಗೆ ಹಳಿಯೇ ಇಲ್ಲ. ಬಸ್ಸು ಹಿಡಿದು ಸೇಡಂಗೆ ಬಂದು, ಅಲ್ಲಿ ಗೌಂಡಿಯವರ ಜೊತೆಯಾಗುತ್ತಾನೆ.

ರೈಲಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಹಾಲ್‌ನಲ್ಲಿ ಕೂತಾಗಲೆಲ್ಲ ಹಳಿಗಳದೇ ನೆನಪು. ರಾಯಚೂರಿಗೆ ಹೋಗುವ ಹಳಿ ಬಿದ್ದದ್ದು 1871ರಲ್ಲಿ. ಇಲ್ಲಿಂದ ಕವಲೊಡೆದು ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ ಹೋದ ನಿಜಾಮರ ಹಳಿ 1874ರದ್ದು. ಕೀನ್ಯಾದ ಮೊಂಬಾಸಾದಿಂದ ಆ ಸರೋವರದ ದಂಡೆಯ ಕಿಸುಮುವರೆಗೆ 1896ರಿಂದ 1901ರವರೆಗೆ ಹಾಸಿದ ಹಳಿಗೂ ಭಾರತದ ಕೈಗಳೇ ಬೇಕಾದವು. ಸುಮಾರು 32 ಸಾವಿರ ಕೂಲಿಗಳನ್ನು ಹಡಗಿನಲ್ಲಿ ಒಯ್ದರು, ಹೆಚ್ಚಿನವರು ಪಂಜಾಬಿನವರು. ಸುಮಾರು ಎರಡೂವರೆ ಸಾವಿರ ಜನ ತಿರುಗಿ ಬರಲಿಲ್ಲ, ಅಲ್ಲೇ ಸತ್ತರು. ಇದನ್ನು ಹುಡುಗರಿಗೆ ಹೇಳಿದೆ. ಆ ಮಣ್ಣಿಗೆ ಕಾಲಿಡುವ ಮೊದಲು ಗೊತ್ತಿರಬೇಕು ಅನ್ನಿಸಿತು.

ಕಾಗದಪತ್ರದ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ. ತಾಂಡಾದ ಹುಡುಗನ ಜನ್ಮದಿನ ಅವನ ಶಾಲೆಯವರು ಬರೆದುಕೊಂಡ ಜೂನ್ 1. ಮನೆಯವರ ಲೆಕ್ಕದಲ್ಲಿ ಅವನು ಹುಟ್ಟಿದ್ದು ತೊಗರಿ ರಾಶಿಯ ಕಾಲಕ್ಕೆ. ಪಾಸ್‌ಪೋರ್ಟಿನಲ್ಲಿ ಜೂನ್ 1 ಗೆದ್ದಿತು. ಹಳದಿ ಜ್ವರದ ಲಸಿಕೆಗೆ ಐವರೂ ಬೆಂಗಳೂರಿಗೆ ಹೋಗಿಬಂದರು. ಒಂದೇ ಸೂಜಿ. ಹತ್ತು ದಿನ ಕಳೆದ ಮೇಲೆ ಅದರ ಕಾರ್ಡು ಜೀವನಪೂರ್ತಿ ಊರ್ಜಿತ. ಅದಿಲ್ಲದೆ ಅಲ್ಲಿಂದ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಅಕ್ಕನ ಮಗಳು ಆ ಕಾರ್ಡನ್ನು ಸತ್ಯವೇದದ ನಡುವೆ ಇಟ್ಟಿದ್ದಾಳೆ.

ಭಾಷೆಯ ಪಾಠದ ಹೊತ್ತಿಗೆ ಹಾಲ್ ಬೇರೆಯೇ ಆಗುತ್ತದೆ. ಟೀಚರಮ್ಮ ನೋಟುಬುಕ್ಕಿನಲ್ಲಿ ಸ್ವಾಹಿಲಿ ಪದಗಳನ್ನು ಬರೆದು ತಂದು ಓದುತ್ತಾರೆ. ಮೊದಲ ವಾರ ಎಲ್ಲರೂ ತಡವರಿಸಿದರು. ಎರಡನೆಯ ವಾರ "ದವಾ ಅಂದ್ರ ಔಷಧ" ಅಂದಾಗ ಅಕ್ಕನ ಮಗಳು ತಲೆ ಎತ್ತಿದಳು.

"ಟೀಚರ್, ಇದು ನಮ್ದೇ ಮಾತಲ್ಲೇನ್ರಿ? ನಮ್ಮವ್ವ ದವಾಖಾನಿ ಅಂತಾಳಲ್ಲ."

ಅಲ್ಲಿಂದ ಆಟವೇ ಶುರುವಾಯಿತು. ಅಂಗಡಿಗೆ ಅವರು 'ದುಕಾ' ಅಂತಾರೆ, ನಾವು ದುಕಾನ. ಹೊತ್ತಿಗೆ 'ವಕಾತಿ', ನಾವು ವಖತ್. ಪುಸ್ತಕ 'ಕಿತಾಬು', ಲೇಖನಿ 'ಕಲಾಮು'. ಎದುರಾದವರ ಕ್ಷೇಮ ಕೇಳುವಾಗ ಅವರು 'ಹಬಾರಿ' ಅಂತಾರಲ್ಲ, ಅದು ನಮ್ಮ ಖಬರ್. ಅರಬ್ ವ್ಯಾಪಾರಿಗಳ ಹಾಯಿಹಡಗು ಆಫ್ರಿಕಾದ ಕರಾವಳಿಯಲ್ಲಿ ಇಳಿಸಿದ ಮಾತನ್ನೇ ಉರ್ದು ನಮ್ಮ ಸಂತೆಗಳಿಗೂ ತಂದಿದೆ. ನಿಜಾಮರ ಆಳ್ವಿಕೆ ನಮ್ಮ ನಾಲಗೆಯ ಮೇಲೆ ಬಿಟ್ಟುಹೋದ ಪದಗಳು ಒಂದು ದಿನ ಕೀನ್ಯಾದ ರೋಗಿಯ ಹಾಸಿಗೆಯ ಪಕ್ಕ ಒದಗುತ್ತವೆಂದು ಯಾರಿಗೆ ಗೊತ್ತಿತ್ತು! ನಮ್ಮ ಕಡೆಯ ಮಾತು ಅಚ್ಚ ಕನ್ನಡವಲ್ಲ ಎಂದು ದೊಡ್ಡ ಊರುಗಳಲ್ಲಿ ಕೇಳಿಸಿಕೊಂಡು ಬಂದ ನನಗೆ ಆ ಸಂಜೆ ಎದೆ ತುಂಬಿತು.

ಆದರೆ ಗಡಿಯಾರ ಮಾತ್ರ ಬೇರೆ. ಸ್ವಾಹಿಲಿಯಲ್ಲಿ ಹೊತ್ತಿನ ಎಣಿಕೆ ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ 'ಸಾ ಮೋಜಾ', ಮೊದಲ ಗಂಟೆ. ಎಂಟಕ್ಕೆ ಅವರ ಮಾತಿನಲ್ಲಿ ಎರಡು. ರೋಗಿಯ ಕಡೆಯವರು ಎರಡು ಗಂಟೆಗೆ ಗುಳಿಗೆ ಕೊಟ್ಟೆವು ಅಂದರೆ ಅದು ಎಂಟೋ ಎರಡೋ ಎಂದು ಮತ್ತೆ ಕೇಳಲೇಬೇಕು. ಅಕ್ಕನ ಮಗಳು ರಟ್ಟಿನ ಗಡಿಯಾರ ಮಾಡಿಕೊಂಡು, ಒಳಸುತ್ತಿಗೆ ಅವರ ಎಣಿಕೆ ಬರೆದು, ಮುಳ್ಳು ತಿರುಗಿಸುತ್ತ ಕೂತಿರುತ್ತಾಳೆ. ಅಲ್ಲಿಯ ನರ್ಸಿಂಗ್ ಕೌನ್ಸಿಲ್‌ನ ಪರವಾನಗಿ ಕೈಗೆ ಬಂದ ಹೊರತು ಅವಳು ಸೂಜಿ ಮುಟ್ಟುವಂತಿಲ್ಲ. ಅದಕ್ಕೂ ಅರ್ಜಿ ಹೋಗಿದೆ. ಸರೋವರದ ಸುತ್ತ ಮಲೇರಿಯಾ ವಿಪರೀತವಾದ್ದರಿಂದ ಲ್ಯಾಬ್ ಹುಡುಗ ರಕ್ತದ ಸ್ಲೈಡು ಓದುವುದನ್ನು ಮತ್ತೆ ರೂಢಿ ಮಾಡಿಕೊಳ್ಳುತ್ತಿದ್ದಾನೆ. ಎಲೆಕ್ಟ್ರಿಷಿಯನ್ ಹುಡುಗ ಮೂರು ಚಪ್ಪಟೆ ಪಿನ್ನಿನ ಪ್ಲಗ್ಗೊಂದನ್ನು ಎಲ್ಲಿಂದಲೋ ತಂದು ಬೋರ್ಡಿಗೆ ಕೂರಿಸಿದ್ದಾನೆ; ಅಲ್ಲಿ ನಮ್ಮ ದುಂಡು ಪಿನ್ನು ನಡೆಯುವುದಿಲ್ಲ.

ಸಭಾಪಾಲಕರು ಕಟ್ಟುನಿಟ್ಟಿನ ಮನುಷ್ಯ. ಅವರು ಹಾಕಿದ ನಿಯಮಗಳಲ್ಲಿ ಎರಡು ನನಗೆ ಬಹಳ ಹಿಡಿಸಿದವು. ರೋಗಿಯ, ಮಗುವಿನ, ಯಾರದೇ ಬಡತನದ ಫೋಟೊ ತೆಗೆಯಕೂಡದು. ಅಲ್ಲಿಯವರು ಮಾಡಬಲ್ಲ ಕೆಲಸವನ್ನು ತಾವು ಕಿತ್ತುಕೊಂಡು ಮಾಡಕೂಡದು. ವೈರಿಂಗ್ ಮಾಡುವಾಗ ಅಲ್ಲಿಯ ಇಬ್ಬರು ಹುಡುಗರು ಜೊತೆಗಿರಲೇಬೇಕು. ಗೌಂಡಿಯವರು ಕೇಳಿದರು:

"ಅಯ್ಯನೋರೆ, ನಾ ಶಾಲಿ ಕಲಿತವ ಅಲ್ಲ. ಅವರಿಗಿ ಏನಂತ ಕಲಿಸ್ಲಿ?"

"ನೀವು ಕಲಿಸೋದು ಆಮೇಲೆ. ಅವರ ಕಲ್ಲು ಹೆಂಗ ಒಡೀತದ, ಮೊದಲ ಅವರ ಹತ್ರ ಕಲೀರಿ."

ಅವತ್ತು ಅವರು ಅಜರಯ್ಯನವರ ಕಥೆ ಹೇಳಿದರು. 1903ರಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ತಮ್ಮದೇ ಕಾಣಿಕೆಯಿಂದ ಒಂದು ಮಿಷನರಿ ಸಂಘ ಕಟ್ಟಿದರು. ಅವರು ಆರಿಸಿಕೊಂಡ ಪರಸ್ಥಳ ನಿಜಾಮರ ಸಂಸ್ಥಾನ, ದೋರ್ನಕಲ್ ಸೀಮೆ. ವಾಡಿ, ಸೇಡಂಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು. ಬಂದವರು ತೆಲುಗು ಕಲಿತರು, ಬೇರೆ ಊಟ ಕಲಿತರು. ಆ ಸಂಘ ಕಟ್ಟಿದವರಲ್ಲಿ ಮುಂದಾಳಾದ ವಿ.ಎಸ್. ಅಜರಯ್ಯ 1910ರಲ್ಲಿ ಎಡಿನ್‌ಬರೋದ ಮಹಾಸಮ್ಮೇಳನದಲ್ಲಿ ನಿಂತು, ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಇನ್ನು ನಮಗೆ ಸ್ನೇಹಿತರನ್ನು ಕೊಡಿ ಎಂದು ಬಿಳಿಯ ಮಿಷನರಿಗಳನ್ನು ಬೇಡಿದರು. 1912ರಲ್ಲಿ ಅವರೇ ದೋರ್ನಕಲ್ಲಿನ ಬಿಷಪ್ ಆದರು. ಆಂಗ್ಲಿಕನ್ ಸಭೆಗೆ ಮೊದಲ ಭಾರತೀಯ ಬಿಷಪ್. ಕಥೆ ಮುಗಿದಾಗ ಟೀಚರಮ್ಮ ನೋಟುಬುಕ್ಕು ತೆರೆದು ಹೊಸ ಪದವೊಂದನ್ನು ಬರೆದು ತೋರಿಸಿದರು. ರಫೀಕಿ. ಸ್ನೇಹಿತ. ಶಹಾಬಾದಿನ ಓಣಿಯಲ್ಲಿ ಆ ಹೆಸರಿನ ಹುಡುಗರಿಗೇನು ಕೊರತೆ?

ಭಾನುವಾರ ಶಹಾಬಾದಿನ ಅಕ್ಕನ ಮನೆಗೆ ಹೋದೆ. ಒಲೆಯ ಮುಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನಿಂದ ಇಳಿಸಿದ್ದನ್ನು ಬಟ್ಟೆಯ ಮೇಲೆ ಒಣಗಲು ಹರವಿದ್ದಳು, ಖಡಕ್ ಆಗಲಿ ಎಂದು. ಹೊರಡುವ ಮುಂಚೆ ಎಷ್ಟು ದಿನ ಉಳಿಯುತ್ತವೋ ನೋಡುವ ಪರೀಕ್ಷೆ. ಪಕ್ಕದಲ್ಲಿ ಶೇಂಗಾ ಹಿಂಡಿಯ ಡಬ್ಬಿ. ಮಗಳು ಒಂದು ಚೀಲ ತೂಗಿ ನೋಡಿ, ಅರ್ಧ ರೊಟ್ಟಿ ಹೊರಗೆ ತೆಗೆದಳು.

"ಅಷ್ಟು ಯಾಕವ್ವ? ಅಲ್ಲೂ ಜ್ವಾಳ ಬೆಳೀತಾರ. ಅವರು ಮಾಡಿದ್ದೇ ಉಣ್ತೀನಿ."

ಅಕ್ಕನಿಗೆ ನಂಬಿಕೆ ಬರಲಿಲ್ಲ. ನನ್ನ ಮುಖ ನೋಡಿದಳು. ಹೌದು, ನಮ್ಮ ಜೋಳದ ತವರೇ ಆಫ್ರಿಕಾ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ಬಂದದ್ದು ಅಂದೆ. ಅವಳ ಕೈ ನಿಂತಿತು. ಮುಂದಿದ್ದ ಹಿಟ್ಟಿನ ಮುದ್ದೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅವರು ಇದಕ್ಕ ಏನಂತಾರ?"

"ಮ್ತಾಮಾ."

"ಮತಾಮಾ," ಅಂದಳು ಅಕ್ಕ. ಮಗಳು ತಿದ್ದಿದಳು. ಮತ್ತೆ ತಪ್ಪಿತು. ಹಿಟ್ಟು ಕೈಗೆ ತಗೊಂಡು ಬಡಿಯುತ್ತ, ಒಂದೊಂದು ಪೆಟ್ಟಿಗೆ ಒಂದೊಂದು ಸಲ, ಆ ಪದವನ್ನು ನಾಲಗೆಗೆ ಹಚ್ಚಿಕೊಳ್ಳತೊಡಗಿದಳು.