ನಿಮಗಿದು ಗೊತ್ತೆ? ಲೋಹದ ಮೈಮೇಲಣ ವಿದ್ಯುತ್ಪ್ರವಾಹ
ವಿಮಾನದ ಮೇಲೆ ರೇಡಾರ್ ಅಲೆಗಳು ಬಂದೆರಗಿದಾಗ ಲೋಹದಲ್ಲಿ ಉದ್ಭವಿಸುವ ವಿದ್ಯುತ್ಪ್ರವಾಹವು ಒಡಲಿನ ಆಳಕ್ಕಿಳಿಯದೆ ಮೇಲ್ಮೈಯಲ್ಲಿಯೇ ಹರಿಯುವುದು; ಸೆಕೆಂಡಿಗೆ ನೂರು ಕೋಟಿ ಸಲ ಸ್ಪಂದಿಸುವ ಪ್ರವಾಹವು ತಾಮ್ರದಲ್ಲಿ 2 ಮೈಕ್ರೋಮೀಟರಿನಷ್ಟು ಇಳಿಯುವಷ್ಟರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಕ್ಷೀಣಿಸಿರುತ್ತದೆ. ಆದರೆ ಡೊಂಕುಮೈಯ ವಸ್ತುವಿನ ಮೇಲೆ ಇದನ್ನು ಗಣಿಸುವುದೆಂತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ್ದ ಸದಾಶಿವ ರಾವ್ ಅವರು, ಡೊನಾಲ್ಡ್ ವಿಲ್ಟನ್ ಮತ್ತು ಅಲೆನ್ ಗ್ಲಿಸನ್ ಎಂಬ ಅಮೆರಿಕದ ವಿದ್ವಾಂಸರೊಡಗೂಡಿ, ಮೇಲ್ಮೈಯನ್ನು ಪುಟ್ಟ ತ್ರಿಕೋನಗಳಾಗಿ ವಿಭಜಿಸಿ, ಎರಡು ತ್ರಿಕೋನಗಳು ಕೂಡುವ ಒಂದೊಂದು ಅಂಚಿಗೂ, ಅದನ್ನು ದಾಟುವ ಪ್ರವಾಹವನ್ನು ಸೂಚಿಸುವ ಒಂದೊಂದು ಅಜ್ಞಾತ ಸಂಖ್ಯೆಯನ್ನು ನಿಯೋಜಿಸುವ ವಿಧಾನವನ್ನು 1982ರಲ್ಲಿ ಪ್ರಕಟಿಸಿದರು. ಒಂದು ತ್ರಿಕೋನದಿಂದ ಅಂಚನ್ನು ದಾಟಿದ ಪ್ರವಾಹವೆಲ್ಲವೂ ನೆರೆಯದನ್ನು ಸೇರಲೇಬೇಕಾದುದರಿಂದ, ಅಂಚಿನಲ್ಲಿ ಹುಸಿ ವಿದ್ಯುದಾವೇಶವು ಶೇಖರಗೊಳ್ಳದು. ಜಾಣ್ಮೆಯೆಲ್ಲ ಅಡಗಿರುವುದು, ನಮ್ಮೆಣಿಕೆಯಲ್ಲಿ, ಇಲ್ಲಿಯೇ. ಆಂಟೆನಾಗಳ ವಿನ್ಯಾಸಕಾರರು ಇಂದಿಗೂ ಈ ತ್ರಿಕೋನಗಳನ್ನೇ ಆಶ್ರಯಿಸಿದ್ದಾರೆ.